ಡೆಂಗಿ ಜ್ವರ: 'ಘಟ್ಟದವರು' ತಂದರೆಂಬ ಮಾತು ಎಷ್ಟು ಸರಿ?

ಮಳೆಗಾಲ ಶುರುವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮ ಕರಾವಳಿಯ ಪೇಟೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಈ ಜ್ವರ ಘಟ್ಟದವರು ತಂದದ್ದು." ಘಟ್ಟದವರು ಎಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಕಾಂಕ್ರೀಟ್ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ಚರಂಡಿ ಅಗೆಯಲು ಬಂದವರು. ಮಲೇರಿಯಾ ಬಂದಾಗಲೂ ಇದೇ ಮಾತು, ಡೆಂಗಿ ಬಂದಾಗಲೂ ಇದೇ ಮಾತು. ಭಾನುವಾರದ ಬಲಿಪೂಜೆ ಮುಗಿಸಿ ಇಗರ್ಜಿ ಅಂಗಳದಲ್ಲಿ ನಿಂತವರ ಬಾಯಲ್ಲೂ ಇದನ್ನು ಕೇಳಿದ್ದೇವೆ. ಹೇಳುವವರು ಕೆಟ್ಟವರಲ್ಲ, ಮನೆಯಲ್ಲಿ ಮಗು ಜ್ವರದಿಂದ ಮಲಗಿದಾಗ ಯಾರನ್ನಾದರೂ ದೂರಬೇಕು ಎನಿಸುವುದು ಸಹಜ. ಆದರೆ ಈ ಮಾತು ನಿಜವೇ ಎಂದು ಒಮ್ಮೆ ಕೂತು ಯೋಚಿಸುವುದು ಒಳ್ಳೆಯದು. ಏಕೆಂದರೆ ದೂರು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಎರಡು ನಗರಗಳ ಪಾಠ

2024ರಲ್ಲಿ ರಾಜ್ಯದಲ್ಲಿ 30 ಸಾವಿರಕ್ಕೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಬಹುದೊಡ್ಡ ಪಾಲು ಬೆಂಗಳೂರು ಮಹಾನಗರ ಒಂದರದ್ದೇ. ಅದಕ್ಕೂ ಮುನ್ನ, 2019ರ ಜುಲೈಯಲ್ಲಿ, ನಮ್ಮ ಮಂಗಳೂರೇ ಈ ಜ್ವರಕ್ಕೆ ತತ್ತರಿಸಿತ್ತು. ಗುಜ್ಜರಕೆರೆ, ಜೆಪ್ಪು ಸುತ್ತಮುತ್ತ ಮನೆಮನೆಯಲ್ಲೂ ಜ್ವರ, ಆಸ್ಪತ್ರೆಗಳಲ್ಲಿ ಹಾಸಿಗೆಗೆ ಪರದಾಟ. ಆ ವರ್ಷ ದಕ್ಷಿಣ ಕನ್ನಡದಲ್ಲಿ ಪ್ರಕರಣಗಳ ಸಂಖ್ಯೆ ಸಾವಿರ ದಾಟಿತು, ಸಾವುಗಳೂ ಆದವು.

ಇವೆರಡೂ ಬೆಳೆಯುತ್ತಿರುವ ನಗರಗಳು. ಬೆಳೆಯುವ ನಗರದಲ್ಲಿ ಅರ್ಧ ಕಟ್ಟಿದ ಕಟ್ಟಡಗಳು ಹೆಚ್ಚು, ನೀರು ಶೇಖರಿಸುವ ಡ್ರಮ್ಮು, ಸಂಪು, ಟ್ಯಾಂಕುಗಳು ಹೆಚ್ಚು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಅಷ್ಟೇ. ಅದು ಕೊಳಚೆ ಚರಂಡಿಗಿಂತ ನಾವು ಕುಡಿಯಬಹುದಾದಂತಹ ತಿಳಿ ನೀರನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು. ಹಾಗೆ ಹಾರಿದ ಸೊಳ್ಳೆ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ.

ಇಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ನಮ್ಮ ಮಗುವನ್ನು ಕಚ್ಚಿದ ಸೊಳ್ಳೆ ಬಾಗಲಕೋಟೆಯಿಂದ ಬಸ್ಸು ಹತ್ತಿ ಬಂದದ್ದಲ್ಲ. ಅದು ನಮ್ಮ ಹಿತ್ತಲಲ್ಲೋ ಪಕ್ಕದ ಕಟ್ಟಡದಲ್ಲೋ ಹುಟ್ಟಿದ್ದು. ತಾರಸಿ ಗಟ್ಟಿಯಾಗಲೆಂದು ಒಂದು ವಾರಕ್ಕೂ ಹೆಚ್ಚು ಕಾಲ ಅದರ ಮೇಲೆ ನೀರು ಕಟ್ಟಿ ನಿಲ್ಲಿಸುತ್ತೇವೆ. ಸೊಳ್ಳೆಗೆ ಬೇಕಾದ ಅವಧಿಯೂ ಅದೇ. ಲಿಫ್ಟಿಗೆಂದು ತೋಡಿದ ಗುಂಡಿ, ಮಳೆನೀರು ತುಂಬಿದ ನೆಲಮಾಳಿಗೆ, ಸಿಮೆಂಟು ಕಲಸುವ ಡ್ರಮ್ಮು, ಮುದುಡಿದ ಟಾರ್ಪಾಲು ಎಲ್ಲವೂ ಮಾಲೀಕರ ಆಸ್ತಿ. ಅವುಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವನು ಮಾತ್ರ ಹುನಗುಂದದವನು. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ದಿನವಿಡೀ ಅಲ್ಲೇ ದುಡಿಯುವವನಿಗೆ ಎಲ್ಲರಿಗಿಂತ ಮೊದಲು ಜ್ವರ ಬರುತ್ತದೆ. ಮೊದಲು ಬಿದ್ದವನನ್ನೇ ನಾವು ತಂದವನು ಎಂದು ಕರೆಯುತ್ತಿದ್ದೇವೆ.

ಮಳೆ ಕಡಿಮೆಯಾದ ಊರಿನಲ್ಲೂ ಜ್ವರ

ಹಾಗಾದರೆ ಘಟ್ಟದ ಮೇಲೆ ಡೆಂಗಿ ಇಲ್ಲವೇ? ಇದೆ. ಮಂಗಳೂರಿನಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಬಾಗಲಕೋಟೆ ಜಿಲ್ಲೆಯಲ್ಲಿ 600 ಮಿಲಿಮೀಟರ್ ಬಿದ್ದರೆ ದೊಡ್ಡ ಮಾತು. ನಮ್ಮಲ್ಲಿ ನೀರು ಹೆಚ್ಚಾಗಿ ಸೊಳ್ಳೆ ಬಂದರೆ ಅಲ್ಲಿ ನೀರು ಸಾಲದೆ ಸೊಳ್ಳೆ ಬರುತ್ತದೆ. ನಳದ ನೀರು ದಿನಬಿಟ್ಟು ದಿನವೂ ಬಾರದ ಓಣಿಯಲ್ಲಿ ತಾಯಂದಿರು ಹಂಡೆ, ಕೊಡ, ಬ್ಯಾರಲ್, ಸಿಮೆಂಟಿನ ತೊಟ್ಟಿ ಎಲ್ಲವನ್ನೂ ತುಂಬಿಡುತ್ತಾರೆ. ತುಂಬಿಟ್ಟ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿ ತೊಳೆಯಿರಿ ಎಂದು ಹೇಳುವುದು ನಮಗೆ ಸುಲಭ. ಮತ್ತೆ ನೀರು ಯಾವಾಗ ಬರುವುದೋ ತಿಳಿಯದವರಿಗೆ ಚೆಲ್ಲುವುದು ಸುಲಭವಲ್ಲ.

ಆ ಸೀಮೆ ನದಿಯಿಲ್ಲದ ಸೀಮೆಯೇನೂ ಅಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಆ ಜಿಲ್ಲೆಯಲ್ಲಿ ಹರಿಯುತ್ತವೆ. ಹುನಗುಂದದ ಕೂಡಲಸಂಗಮದಲ್ಲಿ ಎರಡು ನದಿ ಕೂಡುತ್ತವೆ. ಹಳೆಯ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹೋಗಿ ಜನ ನವನಗರಕ್ಕೆ ಬಂದರು. ಬಾದಾಮಿಯ ಬಂಡೆಗಳ ನಡುವೆ ಕೆರೆ ಕಟ್ಟಿ ನೀರು ಹಿಡಿದಿಟ್ಟ ಹಿರಿಯರ ಜಾಣ್ಮೆಯನ್ನು ಇಂದಿಗೂ ಕಾಣಬಹುದು. ಆದರೂ ಮನೆಯ ನಳಕ್ಕೆ ನಂಬಬಹುದಾದ ನೀರು ಬರದಿದ್ದರೆ ಬ್ಯಾರಲ್ಲೇ ಗತಿ.

ಇಳಕಲ್ಲಿನ ನೇಕಾರರ ಪಾಡು ಇನ್ನೊಂದು ಬಗೆ. ಈ ಸೊಳ್ಳೆ ಕೂರುವುದು ಮನೆಯೊಳಗಿನ ತಂಪಾದ, ಮಬ್ಬಾದ ಮೂಲೆಗಳಲ್ಲಿ. ಕುಣಿಮಗ್ಗದ ನೇಕಾರ ಹಗಲಿಡೀ ಅಂಥದ್ದೇ ಕುಣಿಯೊಳಗೆ ಕಾಲಿಳಿಬಿಟ್ಟು ಕೂರಬೇಕು. ರಾತ್ರಿ ಸೊಳ್ಳೆಪರದೆ ಕಟ್ಟಿದರೂ ಹಗಲಿನ ಕಡಿತ ತಪ್ಪುವುದಿಲ್ಲ. 2006ರಲ್ಲಿ ಇದೇ ಸೊಳ್ಳೆ ಚಿಕುನ್‌ಗುನ್ಯಾ ಹರಡಿದಾಗ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು, ಉತ್ತರ ಕರ್ನಾಟಕ ಬಹಳ ನರಳಿತು. ತಿಂಗಳುಗಟ್ಟಲೆ ಕೀಲು ನೋವು ಉಳಿಯುವ ಆ ರೋಗ ಕೈಕಾಲನ್ನೇ ನಂಬಿದವರ ಅನ್ನ ಕಿತ್ತುಕೊಳ್ಳುತ್ತದೆ.

ಪಂಚಮಿ ಹಬ್ಬದ ಬಸ್ಸು

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಜ್ವರ ಘಟ್ಟ ಇಳಿದು ಬರುತ್ತದೆಯೋ, ಇಲ್ಲಿಂದ ಘಟ್ಟ ಹತ್ತಿ ಹೋಗುತ್ತದೆಯೋ? ಸೊಳ್ಳೆ ದೂರ ಹಾರದಿದ್ದರೂ ವೈರಾಣು ಮನುಷ್ಯನ ರಕ್ತದಲ್ಲಿ ಪ್ರಯಾಣ ಮಾಡುತ್ತದೆ. ಸೋಂಕಿತ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಜ್ವರಕ್ಕೆ ಸ್ವಲ್ಪ ಮೊದಲಿನಿಂದ ಮೊದಲ ನಾಲ್ಕೈದು ದಿನಗಳವರೆಗೆ ಆತನನ್ನು ಕಚ್ಚುವ ಸೊಳ್ಳೆಗೂ ವೈರಾಣು ಸೇರಬಹುದು.

ಉತ್ತರ ಕರ್ನಾಟಕದವರಿಗೆ ನಾಗರಪಂಚಮಿ ದೊಡ್ಡ ಹಬ್ಬ. ಜೋಕಾಲಿ, ಉಂಡಿ, ತವರಿಗೆ ಬರುವ ಹೆಣ್ಣುಮಕ್ಕಳು, ದುಡಿಯಲು ಹೋದ ಗಂಡಸರು ಎಲ್ಲ ಊರು ಸೇರುವ ಕಾಲ. ಅದು ಬರುವುದು ಶ್ರಾವಣದಲ್ಲಿ, ಜುಲೈ ಕೊನೆ ಅಥವಾ ಆಗಸ್ಟಿನಲ್ಲಿ. ನಗರಗಳಲ್ಲಿ ಡೆಂಗಿ ಏರುವುದೂ ಆಗಲೇ. ಕರಾವಳಿಯಲ್ಲೋ ಬೆಂಗಳೂರಿನಲ್ಲೋ ಸೋಂಕು ತಗುಲಿದವನು ಮೈಕೈ ನೋವನ್ನು ಕೆಲಸದ ದಣಿವೆಂದು ತಿಳಿದು ರಾತ್ರಿ ಬಸ್ಸು ಹತ್ತುತ್ತಾನೆ. ಊರಿನಲ್ಲಿ ತುಂಬಿಟ್ಟ ನೀರೂ ಇದೆ, ಅದರಲ್ಲಿ ಹುಟ್ಟಿದ ಸೊಳ್ಳೆಯೂ ಇದೆ. ಪರೀಕ್ಷೆ, ಆಸ್ಪತ್ರೆ ಮಾತ್ರ ದೂರ. ಜ್ವರ ಎರಡೂ ದಿಕ್ಕಿಗೆ ಓಡಾಡುತ್ತದೆ ಎಂಬುದೇ ನಿಜ. ಆದರೆ ನಮಗೆ ಬಂದರೆ ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳಿವೆ, ಅವರ ಮನೆಗೆ ಹೋದರೆ ಆ ಅನುಕೂಲವಿಲ್ಲ.

ನಮ್ಮ ಅಂಗಳದಿಂದಲೇ ಆರಂಭ

2024ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ನಿಯಮ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ. ಕಟ್ಟಡ ನಿರ್ಮಾಣದ ಜಾಗಕ್ಕೆ ನಗರದಲ್ಲಿ 2 ಸಾವಿರ, ಹಳ್ಳಿಯಲ್ಲಿ ಸಾವಿರ. ಮೊತ್ತ ಚಿಕ್ಕದು, ಆದರೆ ತತ್ವ ದೊಡ್ಡದು: ನೀರು ನಿಂತ ಜಾಗ ಯಾರದೋ ಹೊಣೆ ಅವರದು.

ಈ ತತ್ವ ನಮ್ಮನ್ನೂ ಬಿಡುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ಇಗರ್ಜಿ, ಸಭಾಭವನ, ಶಾಲಾ ಕಟ್ಟಡ ಏಳುತ್ತಲೇ ಇರುತ್ತವೆ. ಉದ್ಘಾಟನೆಯ ದಿನ ದಾನಿಗಳ ಹೆಸರು ಕಲ್ಲಿನ ಮೇಲೆ ಬರುತ್ತದೆ. ಕಲ್ಲು ಹೊತ್ತವರಲ್ಲಿ ಬಾದಾಮಿ, ಹುನಗುಂದದವರಿದ್ದರೂ ಅವರ ಹೆಸರು ಗೊತ್ತಿರುವವರು ಕಡಿಮೆ. ಆದ್ದರಿಂದ ಪಾಲನಾ ಮಂಡಳಿಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ.

ಗುತ್ತಿಗೆಯ ಕರಾರಿನಲ್ಲೇ ಮೂರು ಮಾತು ಸೇರಲಿ: ಕಾರ್ಮಿಕರ ಶೆಡ್ಡಿಗೆ ನಳದ ನೀರು ಮತ್ತು ಮುಚ್ಚಳವಿರುವ ಟ್ಯಾಂಕು, ವಾರಕ್ಕೊಮ್ಮೆ ಇಡೀ ಜಾಗದ ನಿಂತ ನೀರು ಖಾಲಿ, ಜ್ವರ ಬಂದವನಿಗೆ ಪರೀಕ್ಷೆಯ ಖರ್ಚು ಮತ್ತು ಆ ದಿನಗಳ ಕೂಲಿ. ಕೊನೆಯದೇ ಮುಖ್ಯ. ಕೂಲಿ ಹೋಗುವ ಭಯದಿಂದಲೇ ಜ್ವರ ಮುಚ್ಚಿಟ್ಟು ದುಡಿಯುವವರಿದ್ದಾರೆ.

ಪಂಚಮಿಗೆ ಊರಿಗೆ ಹೊರಡುವವರಿಗೆ ಒಂದು ವಾರ ಮುಂಚೆ ಅವರದೇ ಕನ್ನಡದಲ್ಲಿ ತಿಳಿಸೋಣ. ಜ್ವರವಿದ್ದರೆ ಪರೀಕ್ಷೆ ಮಾಡಿಸಿ, ಪರದೆಯೊಳಗೆ ವಿಶ್ರಾಂತಿ ಪಡೆಯಬೇಕು. ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ಮತ್ತು ಸಾಕಷ್ಟು ದ್ರವಾಹಾರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಲ್ಲವು. ಜ್ವರ ಇಳಿದ ದಿನವೇ ಎಚ್ಚರ ಹೆಚ್ಚಿರಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿಂದೊಮ್ಮೆ ಡೆಂಗಿ ಬಂದವರಿಗೆ ಬೇರೆ ಬಗೆಯ ವೈರಾಣು ತಗುಲಿದರೆ ಅಪಾಯ ಹೆಚ್ಚು.

ಯುವಜನರು ಮೊದಲು ನಮ್ಮದೇ ಆವರಣ ನೋಡಲಿ. ಸಿಮೆಟ್ರಿಯ ಸಮಾಧಿಗಳ ಮೇಲಿನ ಹೂದಾನಿಗಳು, ಗ್ರೊಟ್ಟೊ ಹಿಂದಿನ ಖಾಲಿ ಡಬ್ಬಿಗಳು, ಅಡಿಕೆ ಹಾಳೆ, ತೆಂಗಿನ ಚಿಪ್ಪು, ತೋಟದಲ್ಲಿ ಮಗುಚದೆ ಬಿಟ್ಟ ರಬ್ಬರ್ ಬಟ್ಟಲು ಎಲ್ಲವೂ ಸೊಳ್ಳೆಯ ತೊಟ್ಟಿಲುಗಳು. ಹೊಗೆ ಹಾಕಿದರೆ ಹಾರುವ ಸೊಳ್ಳೆ ಸಾಯಬಹುದು, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ನೀರು ಚೆಲ್ಲುವ ಕೈಯೇ ಬೇಕು.

ಬಯಲುಸೀಮೆಯಲ್ಲಿ ಸೇವೆ ಸಲ್ಲಿಸುತ್ತಿರುವ ಕರಾವಳಿ ಮೂಲದ ಧರ್ಮಗುರುಗಳು, ಧರ್ಮಭಗಿನಿಯರು ಅಲ್ಲಿನ ಜನರೊಂದಿಗೆ ನಿಂತು ನಿಯಮಿತ ನೀರಿಗಾಗಿ ದನಿಯೆತ್ತುವುದೂ ಜ್ವರದ ವಿರುದ್ಧದ ಕೆಲಸವೇ. ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

1880ರಲ್ಲಿ ಕಂಕನಾಡಿಯಲ್ಲಿ ಬಡರೋಗಿಗಳಿಗೆ ಔಷಧಿ ಕೊಡಲು ಆರಂಭಿಸಿದ ಫಾದರ್ ಆಗಸ್ಟಸ್ ಮುಲ್ಲರ್ ಜರ್ಮನಿಯಿಂದ ಬಂದವರು. ಹೊರಗಿನಿಂದ ಬಂದವರೊಬ್ಬರು ನಮ್ಮ ಜ್ವರಕ್ಕೆ ಮದ್ದು ಕೊಟ್ಟ ಊರಿದು. ಇಂದು ಹೊರಗಿನಿಂದ ಬಂದು ನಮ್ಮ ಮನೆ ಕಟ್ಟುವವರಿಗೆ ಜ್ವರ ಬಂದಾಗ, ಎಲ್ಲಿಯವನೆಂದು ಕೇಳುವ ಮೊದಲು ಪರೀಕ್ಷೆಗೆ ಕರೆದೊಯ್ಯೋಣ. ಈ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಗಳಿಗೆ ನಿಂತು, ನಮ್ಮ ಧರ್ಮಕೇಂದ್ರದ ಸರಹದ್ದಿನಲ್ಲಿ ನೀರು ಎಲ್ಲೆಲ್ಲಿ ನಿಂತಿದೆ, ಅದರ ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ನೋಡಿ ಬರೋಣ.