ರಕ್ತದೊತ್ತಡವೂ ನಮ್ಮ ಹಿರಿಯರೂ

ದೇವನಹಳ್ಳಿ, ಹೊಸಕೋಟೆಗಳ ಕಡೆಯ ರೈತನು ಕೊಳವೆಬಾವಿಯ ಪಂಪನ್ನು ನಡೆಸುವ ಮುನ್ನ ಸ್ಟಾರ್ಟರಿನ ಪೆಟ್ಟಿಗೆಯಲ್ಲಿರುವ ವೋಲ್ಟ್ ಮಾಪಕವನ್ನು ನೋಡಿಕೊಳ್ಳುತ್ತಾನೆ. ಮುಳ್ಳು ತೀರ ಕೆಳಗಿದ್ದರೆ ಮೋಟಾರು ಸುಟ್ಟೀತೆಂಬುದು ಅವನಿಗೆ ತಿಳಿದಿದೆ. ದೊಡ್ಡಬಳ್ಳಾಪುರದ ನೇಕಾರನು ಎಳೆ ಹರಿಯುವುದಕ್ಕೆ ಮೊದಲೇ ಹಾಸಿನ ಬಿಗಿಯನ್ನು ಗಮನಿಸುತ್ತಾನೆ. ಕೆಡುವುದಕ್ಕೆ ಮುಂಚೆಯೇ ಅಳೆದು ನೋಡಬೇಕೆಂಬ ಪಾಠವನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅರುವತ್ತು ದಾಟಿದ ಇಂತಹ ಹಿರಿಯರಲ್ಲಿ ಅನೇಕರು ತಮ್ಮ ದೇಹದ ವಿಷಯದಲ್ಲಿ ಮಾತ್ರ ಬೇರೊಂದು ನಿಯಮವನ್ನು ಪಾಲಿಸುತ್ತಾರೆ: ನೋವಿಲ್ಲ, ಆದುದರಿಂದ ರೋಗವೂ ಇಲ್ಲ.

ರಕ್ತದೊತ್ತಡದ ಮಟ್ಟಿಗೆ ಈ ನಿಯಮವು ಅಪಾಯಕರವಾದುದು. ಹೃದಯವು ರಕ್ತವನ್ನು ನೂಕಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವನ್ನು ಪಾದರಸದ ಕಂಬದ ಎತ್ತರದಿಂದ ಹೇಳುವುದು ವಾಡಿಕೆ. ಪಾದರಸವು ನೀರಿಗಿಂತ 13.6 ಪಟ್ಟು ಭಾರವಾದುದರಿಂದ, 120 ಮಿಲಿಮೀಟರಿನ ಒತ್ತಡವು ಸುಮಾರು 163 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಎಂದರೆ ಹೆಚ್ಚುಕಡಿಮೆ ಒಂದು ಆಳೆತ್ತರ. ಅದು 180 ಮಿಲಿಮೀಟರಿಗೆ ಏರಿದರೆ ಕಂಬವು 245 ಸೆಂಟಿಮೀಟರ್ ಆಗುತ್ತದೆ. ಈ ಹೆಚ್ಚಿನ ಹೊರೆಯನ್ನು ಧಮನಿಗಳು ವರ್ಷಗಟ್ಟಲೆ ಹೊರುತ್ತಿದ್ದರೂ ಸಾಮಾನ್ಯವಾಗಿ ಮನುಷ್ಯನಿಗೆ ಯಾವ ನೋವೂ ಆಗುವುದಿಲ್ಲ. ಲಕ್ವ ಹೊಡೆದ ದಿನ, ಇಲ್ಲವೆ ಮೂತ್ರಪಿಂಡಗಳು ಸೋತ ದಿನ ವಿಷಯವು ಹೊರಬೀಳುತ್ತದೆ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ಜಗತ್ತಿನ ನಾನಾ ದೇಶಗಳ ಅಂಕಿ ಅಂಶಗಳನ್ನು ಕೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಂತೆ, 2019ರಲ್ಲಿ ಅಧಿಕ ರಕ್ತದೊತ್ತಡವಿದ್ದ ಸ್ತ್ರೀಯರಲ್ಲಿ ನೂರಕ್ಕೆ 41 ಮಂದಿಗೂ ಪುರುಷರಲ್ಲಿ ನೂರಕ್ಕೆ 51 ಮಂದಿಗೂ ತಮಗೆ ಆ ತೊಂದರೆಯಿರುವುದೇ ತಿಳಿದಿರಲಿಲ್ಲ.

ಪುರುಷರೇ ಹಿಂದುಳಿಯಲು ಕಾರಣವೇನು? ಅವರ ಅಜ್ಞಾನವೆಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಬಸಿರು, ಬಾಣಂತನ, ಮಕ್ಕಳ ಲಸಿಕೆ ಇವುಗಳ ಮೂಲಕ ಹಳ್ಳಿಯ ಹೆಂಗಸರಿಗೆ ಆರೋಗ್ಯ ಕೇಂದ್ರದ ಪರಿಚಯವಾಗಿರುತ್ತದೆ. 2005ರಲ್ಲಿ ಆರಂಭವಾದ ಆಶಾ ಕಾರ್ಯಕರ್ತೆಯರ ಯೋಜನೆಯೂ ಮೊದಲಿಗೆ ತಾಯಿ ಮಕ್ಕಳನ್ನೇ ಮುಖ್ಯವಾಗಿ ಉದ್ದೇಶಿಸಿತ್ತು. ಗಂಡಸಿಗಾದರೋ ಹಾಸಿಗೆ ಹಿಡಿಯುವ ತನಕ ಆ ಬಾಗಿಲಿಗೆ ಹೋಗುವ ಪ್ರಸಂಗವೇ ಒದಗದು. ಹೋದರೆ ಒಂದು ದಿನದ ದುಡಿಮೆಯೂ ನಷ್ಟ.

ಆದಕಾರಣ ಅವರು ಬರಲೆಂದು ಕಾಯುವುದಕ್ಕಿಂತ, ಅಳತೆಯೇ ಅವರಿದ್ದಲ್ಲಿಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಮೂವತ್ತು ದಾಟಿದವರಿಗೆ ರಕ್ತದೊತ್ತಡದ ಪರೀಕ್ಷೆಯನ್ನು ಉಚಿತವಾಗಿ ಮಾಡುವ ಏರ್ಪಾಡು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಇದೆ. ಅದನ್ನು ತಿಂಗಳಿಗೊಮ್ಮೆ ಹಳ್ಳಿಯ ಹಾಲಿನ ಡೈರಿಗೆ ಕೊಂಡೊಯ್ಯಲಿ. ಹಾಲಿನ ಜಿಡ್ಡನ್ನು ಅಳೆಯುವ ಕಡೆಯಲ್ಲಿಯೇ ಹಾಲು ತಂದವರ ರಕ್ತದೊತ್ತಡವನ್ನೂ ಅಳೆದರೆ ಯಾರಿಗೂ ದುಡಿಮೆ ತಪ್ಪದು, ಸಂಕೋಚವೂ ಇರದು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಿಮ್ಮ ಪಾಲಿನ ಕೆಲಸವೂ ಉಂಟು. ಮನೆಯಲ್ಲಿ ಉಪಕರಣವಿದ್ದರೆ ಅಳತೆಯು ಸರಿಯಾಗಿ ನಡೆಯುವಂತೆ ನೋಡಿಕೊಳ್ಳಿ. ತಾತನವರು ಐದು ನಿಮಿಷ ಸುಮ್ಮನೆ ಕುಳಿತಿರಲಿ. ಅದಕ್ಕೆ ಮುಂಚಿನ ಅರ್ಧ ಗಂಟೆ ಬೀಡಿ, ಕಾಫಿ ಬೇಡ. ತೋಳಿಗೆ ಸುತ್ತಿದ ಪಟ್ಟಿಯು ಹೃದಯದ ಮಟ್ಟದಲ್ಲಿಯೇ ಇರಬೇಕು. ಅದು ಹತ್ತು ಸೆಂಟಿಮೀಟರ್ ಕೆಳಗಿಳಿದರೂ, ದ್ರವದ ಒತ್ತಡವು ಆಳದೊಡನೆ ಹೆಚ್ಚುವುದರಿಂದ, ಸುಮಾರು 8 ಮಿಲಿಮೀಟರಿನಷ್ಟು ತಪ್ಪು ಬರುತ್ತದೆ. ಬಂದ ಎರಡು ಅಂಕಿಗಳನ್ನೂ ದಿನಾಂಕದೊಡನೆ ಬರೆದಿಡಿ. ಒಂದೇ ಸಲದ ಅಳತೆಯಿಂದ ಹೆದರಬೇಕಾಗಿಲ್ಲ. ಬೇರೆ ಬೇರೆ ದಿನಗಳಲ್ಲಿಯೂ ಅದು 140/90 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ವೈದ್ಯರ ಬಳಿಗೆ ಅವರನ್ನು ನೀವೇ ಕರೆದೊಯ್ಯಿರಿ. ವೈದ್ಯರು ಮಾತ್ರೆ ಕೊಟ್ಟ ಮೇಲೆ "ಈಗ ಚೆನ್ನಾಗಿದ್ದೇನೆ" ಎಂದು ಅದನ್ನು ತಾವಾಗಿಯೇ ನಿಲ್ಲಿಸದಂತೆ ನೆನಪಿಸುವುದೂ ನಿಮ್ಮ ಕೆಲಸವೇ. ಚೆನ್ನಾಗಿರುವುದು ಆ ಮಾತ್ರೆಯಿಂದಲೇ ಇರಬಹುದು.