ಪಿಕಪ್ ಬಾಡಿಗೆ ಸ್ಪ್ರೇ ಲೈನರ್: ಹೊಸಾ ಗಾಡಿಗೆ ಹೌದು, ಹಳೇದಕ್ಕ ಬ್ಯಾಡ

ಇವತ್ತ ಕಬ್ಬಿನ ವಿಷಯ ಬಿಟ್ಟು ಗಾಡಿ ವಿಷಯ ಬರೀತೇನಿ. ಹುಕ್ಕೇರಿಯಾಗ ಇರೂ ನಮ್ಮ ಅಕ್ಕನ ಮಗ ಹೊಸಾ ಪಿಕಪ್ ಬುಕ್ ಮಾಡ್ಯಾನ. "ಮಾಮಾ, ಬಾಡಿಗೆ ಚೆಕರ್ ಪ್ಲೇಟ್ ಬಡಸ್ಲೋ, ಸ್ಪ್ರೇ ಲೈನರ್ ಹೊಡಸ್ಲೋ?" ಅಂತ ಫೋನ್ ಮಾಡಿದ್ದ. ಫೋನಿನ್ಯಾಗ ಹೇಳಿ ಮುಗಿಯೂ ಮಾತಲ್ಲ ಇದು. ಮತ್ತ ಇದನ್ನ ಕೇಳಾವ್ರು ಅವನೊಬ್ಬನ ಅಲ್ಲ, ಅದಕ್ಕ ಇಲ್ಲೇ ಬರದೇನಿ.

ಮೊದಲ ನನ್ನ ದಡ್ಡತನ ಹೇಳ್ತೇನಿ. 2018ರಾಗ ಗಾಡಿ ತಗೊಂಡ ವಾರದಾಗ ಗೋಕಾಕಿನಾಗ ವೆಲ್ಡಿಂಗ್ ಅಂಗಡಿಗೆ ಹೋಗಿ 3 ಎಂಎಂ ಚೆಕರ್ ಪ್ಲೇಟ್ ಬಡಸಿದೆ. ಎಲ್ಲಾರೂ ಬಡಸ್ತಾರ, ನಾನೂ ಬಡಸಿದೆ. ನೋಡಾಕ ಗಟ್ಟಿಮುಟ್ಟ ಕಾಣತಿತ್ತು. ಆದ್ರ ವೆಲ್ಡಿಂಗ್ ಹೊಡದಲ್ಲೆಲ್ಲಾ ಕಂಪನಿ ಬಣ್ಣ ಸುಟ್ಟಿತ್ತು. ಎರಡು ಪತ್ರಾ ನಡಕ ಕೂದಲೆಳಿ ಅಷ್ಟು ಸಂದಿ ಉಳಿದಿತ್ತು. ಅಲ್ಲೆ ನೀರು ಹೋಗತೈತಿ, ಹೊರಗ ಬರೂದಿಲ್ಲ. 2019ರ ಆಗಸ್ಟಿನಾಗ ಘಟಪ್ರಭಾ ಬಂದಾಗ ಗಾಡಿ ನೀರಾಗ ನಿಂತಿತ್ತು. ಮ್ಯಾಲಿನ ರಾಡಿ ತೊಳದ್ವಿ, ಸಂದಿಯಾಗಿಂದು ತೊಳ್ಯಾಕ ಆಗ್ಲಿಲ್ಲ.

ಅದರ ಮ್ಯಾಲ ಗೊಬ್ಬರ. ಪೊಟ್ಯಾಶ್ ಅಂದ್ರ ಪೊಟ್ಯಾಸಿಯಂ ಕ್ಲೋರೈಡ್, ಅಡಗಿ ಉಪ್ಪಿನ ಅಣ್ಣತಮ್ಮ ಅದು. ಒಂದು ಚೀಲ ಹರದು ನಾಕು ಹಿಡಿ ಬಿದ್ರ ಸಾಕು, ಗಾಳಿಯಾಗಿನ ಪಸಿ ಎಳಕೊಂಡು ಕಬ್ಬಿಣ ತಿನ್ನಾಕ ಸುರು ಮಾಡತೈತಿ. 2023ರಾಗ ಒಂದು ಮೂಲಿ ಕಟ್ ಮಾಡಿ ಪ್ಲೇಟ್ ಎತ್ತಿಸಿದ್ರ ಕೆಳಗಿನ ತಳ ಹಪ್ಪಳ ಆಗಿತ್ತು. ಕೈಲೆ ಮುರೀಬಹುದಾಗಿತ್ತು. ಅಡ್ಡ ಪಟ್ಟಿ ಎರಡು ಹೋಗಿದ್ದು. ರಿಪೇರಿಗೆ 22,000 ರೂಪಾಯಿ, ಎಂಟು ದಿನ ಗಾಡಿ ನಿಂತಿದ್ದು ಬ್ಯಾರೆ. ಪ್ಲೇಟ್ ಮಾತ್ರ ಹೊಸದರಂಗ ಇತ್ತು ನೋಡ್ರಿ!

ಇನ್ನೊಂದು ಲೆಕ್ಕ ಯಾರೂ ಹಾಕೂದಿಲ್ಲ. 3 ಎಂಎಂ ಚೆಕರ್ ಪ್ಲೇಟ್ ಒಂದು ಚದರ ಮೀಟರಿಗೆ ಸುಮಾರು 25 ಕೆಜಿ. ಒಂಬತ್ತ ಫೂಟ್ ಉದ್ದ, ಐದೂವರಿ ಫೂಟ್ ಅಗಲದ ತಳಕ್ಕ 115 ಕೆಜಿ ಆತು. 45 ಕೆಜಿಯ ಎರಡೂವರಿ ಯೂರಿಯಾ ಚೀಲ ಬಾಡಗಿ ಇಲ್ದ ದಿನಾ ಹೊತ್ತು ತಿರಗ್ಯಾಡಿದಂಗ. ಸ್ಪ್ರೇ ಲೈನರ್ ಎರಡು-ಮೂರು ಎಂಎಂ ದಪ್ಪ ಹೊಡದ್ರೂ ಅದ ತಳಕ್ಕ 10-15 ಕೆಜಿ ದಾಟೂದಿಲ್ಲ.

ಈ ಸ್ಪ್ರೇ ಅಂದ್ರ ಬಣ್ಣ ಅಲ್ಲ. ಪಾಲಿಯೂರಿಯಾ ಇಲ್ಲಾ ಪಾಲಿಯುರೆಥೇನ್. ಎರಡು ಡ್ರಮ್ಮಿನ್ಯಾಗ ಎರಡು ದ್ರಾವಣ ಇರತಾವು, ಮಷಿನ್ ಅವನ್ನ ಕಾಸಿ, ಭಾಳ ಒತ್ತಡದಾಗ ಗನ್ನಿನ ಬಾಯಾಗ ಕೂಡಿಸಿ ಹೊಡೀತೈತಿ. ಪಾಲಿಯೂರಿಯಾ ಆದ್ರ ಸೆಕೆಂಡಿನ ಲೆಕ್ಕದಾಗ ಗಟ್ಟಿ ಆಗತೈತಿ. ಪತ್ರಾಕ್ಕ ಚರ್ಮದಂಗ ಅಂಟತೈತಿ, ಸಂದಿ ಉಳಿಯೂದಿಲ್ಲ. ನನಗ ಇದರಾಗ ಮೆಚ್ಚುಗಿ ಆದದ್ದು ಇದೊಂದ ಮಾತು. ಅಮೆರಿಕಾದಾಗ ರೈನೋ ಲೈನಿಂಗ್ಸ್, ಲೈನ್-ಎಕ್ಸ್ ಅಂತ ಇದನ್ನ ಹೊಡ್ಯಾಕ ಅಂಗಡಿ ಸಾಲ ಅದಾವು.

ರೊಕ್ಕದ ಮಾತು. ಅಳಿಯಾಗ ಬೆಳಗಾವಿಯಾಗ ಹೇಳಿದ ರೇಟ್ ಚದರಡಿಗೆ 220. ತಳ, ಬಾಜು, ಮುಂದಿನ ಗ್ವಾಡಿ ಕೂಡಿ 88 ಚದರಡಿ, ಅಂದ್ರ 19,360, ಮ್ಯಾಲ ಜಿಎಸ್‌ಟಿ. ಚೆಕರ್ ಪ್ಲೇಟಿಗೆ ಈಗ ಮಜೂರಿ ಹಿಡದು ಹನ್ನೊಂದು ಸಾವಿರ ಹೇಳ್ಯಾರ. ಮ್ಯಾಲ ನೋಡಿದ್ರ ಪ್ಲೇಟ್ ಅಗ್ಗ, ನನ್ನ 22,000 ಕೂಡಿಸಿ ನೋಡ್ರಿ.

ಬಾಳಿಕಿ ಹೆಂಗ? ಮೂಡಲಗಿಯಾಗ ಪರಿಚಯದವ್ರೊಬ್ರು ಹೊಡಿಸಿ ನಾಕು ವರ್ಷ ಆತು. ಹೋಗಿ ಬಗ್ಗಿ ನೋಡಿ ಬಂದೆ. ಕಪ್ಪು ಬಣ್ಣ ಬಿಸಲಿಗೆ ಬೂದಿ ಆಗೈತಿ. ಅದು ತೋರಕಿ ಅಷ್ಟ, ತಳ ಗಟ್ಟಿ ಐತಿ. ಆದ್ರ ಹಿಂದಿನ ಬಾಗಲದ ಅಂಚಿಗೆ ಕಬ್ಬಿಣದ ಡ್ರಮ್ ಎಳದು ಎಳದು ಒಂದು ಗೇಣು ಹರದೈತಿ. ಹರದಲ್ಲೆ ಹಚ್ಚಲಾರದ ಬಿಟ್ಟಾರ, ಲೈನರ್ ಅಡಿಗೆ ಜಂಗು ಹಬ್ಬೈತಿ, ಬಟ್ಟಿಲೆ ಒತ್ತಿದ್ರ ಕರ್‌ಕರ್ ಅಂತೈತಿ. ಹರದ ದಿನಾನ ತೊಳದು ಒಣಗಿಸಿ ತ್ಯಾಪಿ ಹಾಕಿಸಿದ್ರ ಇದು ಆಗತಿರಲಿಲ್ಲ.

ಹಂಗಾಗಿ ಹಳೇ ಗಾಡಿಗೆ ಹೊಡಿಸಬ್ಯಾಡ್ರಿ ಅಂತೇನಿ. ಜಂಗು ಪೂರ್ತಿ ಕೆರದು ಬೆಳ್ಳಗ ಮಾಡಿ ಪ್ರೈಮರ್ ಹಚ್ಚೂ ಅಷ್ಟು ವ್ಯವಧಾನ ಯಾರಿಗೂ ಇಲ್ಲ. ಜಂಗಿನ ಮ್ಯಾಲ ಹೊಡದ್ರ ಹುಣ್ಣಿಗೆ ಪಟ್ಟಿ ಕಟ್ಟಿ ಒಳಗ ಕೊಳಸಿದಂಗ. ನನ್ನ ಗಾಡಿಗೆ ನಾನು ರೆಡ್ ಆಕ್ಸೈಡ್ ಹಚ್ಚಿ, ಮ್ಯಾಲ ಗುಜರಿಯಾಗ ಸಿಕ್ಕ ಹಳೇ ಕನ್ವೇಯರ್ ಬೆಲ್ಟ್ ಕತ್ತರಿಸಿ ಹಾಸೇನಿ. ಗೊಬ್ಬರ ಹೇರಿದ ದಿನ ಸಂಜಿಕೆ ಎತ್ತಿ ತೊಳೀತೇನಿ. ಬ್ಯಾಸರ ಬರತೈತಿ, ಖರೆ. ಆದ್ರ ಕೆಳಗ ಏನ ನಡದೈತಿ ಅಂತ ಕಣ್ಣಿಗೆ ಕಾಣತೈತಿ.

ಹೊಸಾ ಗಾಡಿ, ದಿನಾ ಬಾಡಗಿಗೆ ಓಡೂದು, ಗೊಬ್ಬರ, ಉಸುಕು, ಕಲ್ಲು ಹೇರೂದು ಇದ್ರ ಮೊದಲನೇ ಲೋಡ್ ಹಾಕೂಕ್ಕಿಂತ ಮೊದಲ ಹೊಡಸ್ರಿ. ವಾರದಾಗ ಎರಡು ಸಲ ಕಾಯಿಪಲ್ಲೆ ಒಯ್ಯೂರಿಗೆ ಇಪ್ಪತ್ತು ಸಾವಿರ ದಂಡ, ರಬ್ಬರ್ ಮ್ಯಾಟ್ ಸಾಕು.

ಲೈನರ್ ಅಂತ ಹೇಳಿ ಗಾಡಿ ಅಡಿಗೆ ಹೊಡಿಯೂ ಡಾಂಬರ್ ಬಣ್ಣ ಬಾಡಿಗೆ ಹೊಡದು ಕಳಸಾವ್ರೂ ಅದಾರ. ನಮ್ಮ ಓಣಿಯಾಗ ಒಬ್ರಿಗೆ ಹಿಂಗ ಆತು. ಮೇ ತಿಂಗಳ ಬಿಸಲಿಗೆ ಅದು ಮೆತ್ತಗಾಗಿ ಜೋಳದ ಚೀಲಕ್ಕೆಲ್ಲಾ ಮೆತ್ತಿತು, ವ್ಯಾಪಾರಿ ದರ ಮುರದ. ಅಂಗಡಿಯಾಗ ಎರಡು ಡ್ರಮ್ಮು, ಕಾಸೂ ಮಷಿನ್ ಇಲ್ದ ಬರೇ ಡಬ್ಬಿ, ಬ್ರಷ್ ಕಂಡ್ರ ಅದಕ್ಕ ಲೈನರ್ ರೇಟ್ ಕೊಡಬ್ಯಾಡ್ರಿ. ತಳದಾಗಿನ ನೀರು ಹೋಗೂ ತೂತಿಗೆ ಟೇಪ್ ಹಚ್ಚಿಸಿ ಮುಚ್ಚಲಾರದಂಗ ನೋಡ್ಕೋರಿ.

ಅಳಿಯಾಗ ಇನ್ನೊಂದು ಮಾತು ಹೇಳೇನಿ. ಆ ದ್ರಾವಣದಾಗ ಐಸೋಸೈನೇಟ್ ಅಂತ ಇರತೈತಿ, ಅದರ ಮಂಜು ಉಸಿರಿನ್ಯಾಗ ಹೋದ್ರ ದಮ್ಮು ಹತ್ತತೈತಿ. ಹೊರಗಿನ ಗಾಳಿ ಪೈಪಿನ್ಯಾಗ ಬರೂ ಮುಖವಾಡ ಬೇಕು. ಅವನು ನೋಡಿ ಬಂದ ಅಂಗಡಿಯಾಗ ಗನ್ ಹಿಡದ ಹುಡುಗ ಬಾಯಿಗೆ ಟಾವೆಲ್ ಕಟ್ಕೊಂಡಿದ್ನಂತ. ಬ್ಯಾರೆ ಅಂಗಡಿ ಹುಡುಕು, ಎರಡು ಸಾವಿರ ಹೆಚ್ಚಾದ್ರೂ ಆಗ್ಲಿ ಅಂದೇನಿ. ಸೋಮವಾರ ಕೊಲ್ಲಾಪುರಕ್ಕ ಹೋಗಿ ಕೇಳಿ ಬರತೇನಿ ಅಂದಾನ.