ಇದು ಯಾವ ಕಲ್ಲು?



ಹೋದ ಭಾನುವಾರ ನಾವು ನಾಲ್ಕು ಮನೆಯವರು ಬುತ್ತಿ ಕಟ್ಟಿಕೊಂಡು ಬನ್‌ಮಾಹನ್ ಕಡಲತೀರಕ್ಕೆ ಹೋಗಿದ್ವಿ. ವಾಟರ್‌ಫರ್ಡ್ ಕೌಂಟಿಯ ಈ ಕರಾವಳಿಗೆ ಕಾಪರ್ ಕೋಸ್ಟ್ ಅಂತ ಹೆಸರು. 19ನೇ ಶತಮಾನದಲ್ಲಿ ಇಲ್ಲಿ ತಾಮ್ರದ ಗಣಿಗಳಿದ್ದವು; 2015ರಿಂದ ಇದು ಯುನೆಸ್ಕೋ ಜಿಯೋಪಾರ್ಕ್. ಮಕ್ಕಳು ಒಂದೊಂದೇ ಕಲ್ಲು ತಂದು "ಇದು ಯಾವುದು?" ಅಂತ ಕೇಳಿದರೆ ನಾವು ಮುಖ ಮುಖ ನೋಡಿಕೊಂಡ್ವಿ. ಉತ್ತರ ಹೇಳಿದ್ದು ಅಂಗಳಕ್ಕೆ ಕಲ್ಲು ಹಾಸುವ ಕೆಲಸ ಮಾಡುವ ನಮ್ಮ ಬಾದಾಮಿ ಕಡೆಯ ಅಣ್ಣ.

ಅವರ ಸಾಮಾನು ಮೂರೇ: ಒಂದು ಉಕ್ಕಿನ ಮೊಳೆ, ಒಂದು ಹಳೇ ಗಾಜಿನ ಸೀಸೆ, ಸ್ವಲ್ಪ ವಿನೆಗರ್.

ಮೊದಲು ಉಗುರು. ಉಗುರಿಗೇ ಗೀರು ಬಿದ್ದರೆ ಅದು ತೀರಾ ಮೆದು. ನಾವು ಸ್ಲೇಟಿನ ಮೇಲೆ ಬರೆದ ಬಳಪದ ಕಲ್ಲು ಇಂಥದ್ದು; ಹಳೇಬೀಡಿನ ಶಿಲ್ಪಗಳೂ ಅದರವೇ.

ಉಗುರಿಗೆ ಬಗ್ಗದೆ ಮೊಳೆಗೆ ಬಗ್ಗಿದರೆ ಸುಣ್ಣದ ಕಲ್ಲು ಇರಬಹುದು. ಗೀರಿದ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ತಿರ ಇಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲೇ. ಊರಲ್ಲಿ ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆರಸ ಬಿದ್ದರೆ ಕಲೆ ಆಗುತ್ತಲ್ಲ, ಅದೇ ಗುಟ್ಟು. ಡನ್‌ಗಾರ್ವನ್ ಸುತ್ತಲಿನ ನೆಲದಡಿ ಇರುವುದೂ ಸುಣ್ಣದ ಕಲ್ಲೇ.

ಮೊಳೆಗೆ ಬಗ್ಗದೆ ಗಾಜನ್ನೇ ಗೀರಿದರೆ? ಬಿಳಿ ಕಲ್ಲಾದರೆ ಅದು ಬೆಣಚುಕಲ್ಲು. ಮಕ್ಕಳು ಇದನ್ನೇ ಸುಣ್ಣದ ಕಲ್ಲು ಅಂದುಕೊಂಡಿದ್ದರು. ವಿನೆಗರ್‌ಗೆ ಅದು ಜಪ್ಪಯ್ಯ ಅನ್ನಲಿಲ್ಲ. ಕಾಳು ಕಾಣದ, ನುಣ್ಣಗಿನ ಗಟ್ಟಿ ಕಲ್ಲುಗಳು ಸುಮಾರು 46 ಕೋಟಿ ವರ್ಷದ ಹಿಂದಿನ ಜ್ವಾಲಾಮುಖಿಯವು. ಟ್ಯಾಂಕರ್ಡ್ಸ್‌ಟೌನ್ ಹತ್ತಿರ ಕಲ್ಲಿನ ಮೇಲೆ ಹಸಿರು ಕಲೆ ಕಂಡರೆ ಅದು ತಾಮ್ರದ ಕುರುಹು, ಚೊಂಬಿಗೆ ಹಿಡಿಯುವ ಕಿಲುಬಿನ ಹಾಗೆ.

ಬ್ಯಾಲಿಡ್ವಾನ್ ಕೊಲ್ಲಿಯ ಕೆಂಪು ಬಂಡೆ ಕಂಡದ್ದೇ ಅಣ್ಣ "ಇದು ನಮ್ಮ ಬಾದಾಮಿ ಕಲ್ಲ ಐತಿ ನೋಡ್ರಿ!" ಅಂದರು. ಎರಡೂ ಮರಳುಗಲ್ಲು. ಸವರಿದರೆ ಮರಳು ಕಾಗದದ ಹಾಗೆ ತರಿತರಿ. ಉದುರಿದ ಕಾಳನ್ನು ಗಾಜಿಗೆ ಉಜ್ಜಿದರೆ ಗೀರು ಬೀಳುತ್ತದೆ. ಕಾಳೆಲ್ಲ ಹೆಚ್ಚುಕಮ್ಮಿ ಬೆಣಚೇ.

ಅಲ್ಲಿಗೆ ಅಣ್ಣನ ನಗು ನಿಂತಿತು. "ಈ ಕಾಳೇ ನನ್ನ ಎದಿಯಾಗ ಕುಂತೈತಿ" ಅಂದರು. ಬಂದ ಹೊಸತರಲ್ಲಿ ಒಂದು ಸೈಟಿನಲ್ಲಿ ವರ್ಷವಿಡೀ ಮರಳುಗಲ್ಲನ್ನು ನೀರಿಲ್ಲದೆ, ಮೂತಿಗೆ ಬಟ್ಟೆ ಕಟ್ಟಿಕೊಂಡು ಕೊಯ್ದಿದ್ದರಂತೆ. ಈಗ ಮೆಟ್ಟಿಲು ಹತ್ತಿದರೆ ದಮ್ಮು.

ಬೆಣಚಿನಲ್ಲಿರುವುದು ಸಿಲಿಕಾ. ಕೊಯ್ಯುವಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದಲ್ಲಿ ಉಳಿದು ಗಾಯ ಮಾಡುತ್ತದೆ. ಅದಕ್ಕೆ ಸಿಲಿಕೋಸಿಸ್ ಅಂತಾರೆ. ವಾಸಿಮಾಡುವ ಔಷಧಿ ಇಲ್ಲ. ಕೋಲಾರದ ಚಿನ್ನದ ಗಣಿಯವರಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿತ್ತು. ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ 70ರಿಂದ 90 ಶೇಕಡಾ ಸಿಲಿಕಾ. ಗ್ರಾನೈಟಿನಲ್ಲಿ 20ರಿಂದ 45. ಸುಣ್ಣದ ಕಲ್ಲಿನಲ್ಲಿ ತೀರಾ ಕಡಿಮೆ. ಇಲ್ಲಿನ ಮನೆ ಹಿತ್ತಲಿಗೆ ಹಾಸುವ ‘ಇಂಡಿಯನ್ ಸ್ಯಾಂಡ್‌ಸ್ಟೋನ್’ ಮರಳುಗಲ್ಲೇ. ಕಾಂಕ್ರೀಟಿನಲ್ಲೂ ಮರಳಿದೆ. ಅಡುಗೆಮನೆ ಕಟ್ಟೆಯ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ 90 ಶೇಕಡಾ ದಾಟುವುದೂ ಉಂಟು.

ಅದಕ್ಕೇ ಕಟ್ಟಡ ಕೆಲಸದ ಗೆಳೆಯರಿಗೆ ನಮ್ಮ ಮಾತು: ಗಾಜು ಗೀರುವ ಕಲ್ಲನ್ನು ಒಣಗಿದ್ದಂತೆ ಕೊಯ್ಯಬೇಡಿ. ಯಾವ ಕಲ್ಲು ಅಂತ ಗೊತ್ತಾಗದಿದ್ದರೆ ಅಪಾಯದ್ದೇ ಅಂದುಕೊಳ್ಳಿ. ಬ್ಲೇಡಿಗೆ ನೀರು ಬಿಡಿ, ಮುಖಕ್ಕೆ ಸರಿಯಾಗಿ ಕೂರುವ ಎಫ್‌ಎಫ್‌ಪಿ3 ಮಾಸ್ಕ್ ಹಾಕಿ. ಗಡ್ಡ ಇದ್ದರೆ ಅದು ಕೂರುವುದಿಲ್ಲ. ಬಟ್ಟೆ ಕಟ್ಟಿದರೆ ಏನೂ ಪ್ರಯೋಜನವಿಲ್ಲ. 2005ರ ಕಾಯ್ದೆ ಪ್ರಕಾರ ರಕ್ಷಣೆಯ ಸಾಮಾನನ್ನು ಮಾಲೀಕರು ಪುಕ್ಕಟೆ ಕೊಡಬೇಕು. ಕೇಳಿದ್ದಕ್ಕೆ ನಿಮಗೆ ತೊಂದರೆ ಕೊಡುವ ಹಾಗಿಲ್ಲ. ಕೊಡದಿದ್ದರೆ ಹೆಲ್ತ್ ಅಂಡ್ ಸೇಫ್ಟಿ ಅಥಾರಿಟಿಗೆ ದೂರು ಕೊಡಬಹುದು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಭರತ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಬಂಡೆಯ ಬುಡದಲ್ಲಿ ಕೂರಬೇಡಿ, ಮೇಲಿನಿಂದ ಕಲ್ಲು ಉದುರುತ್ತದೆ. ಸುತ್ತಿಗೆ ಮನೆಯಲ್ಲೇ ಇರಲಿ. ಕೆಳಗೆ ಬಿದ್ದಿರುವ ಕಲ್ಲುಗಳೇ ಸಾಕು, ನೋಡಿ ಅಲ್ಲೇ ಬಿಟ್ಟು ಬನ್ನಿ.

ಅಣ್ಣ ಈ ವಾರ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ. ಜೊತೆಗೆ ನಾವೂ ಹೋಗುತ್ತೇವೆ.